ತೊಂಡೆ ಬೇಲಿಯಾಚೆ ಇಟಲಿ ಹಡಗು

ನಮ್ಮ ಮನೆಗೂ ಕಾಕಾರ ಮನೆಗೂ ನಡುವೆ ಇರುವುದು ಮೂರೆಳೆ ತಂತಿಯ ಬೇಲಿ. ತಂತಿ ಈಗ ಕಣ್ಣಿಗೆ ಬೀಳುವುದಿಲ್ಲ, ಅಷ್ಟು ದಟ್ಟವಾಗಿ ತೊಂಡೆ ಬಳ್ಳಿ ಹಬ್ಬಿದೆ. ಬೇರು ಅವರ ಕಡೆ, ಕಾಯಿ ನಮ್ಮ ಕಡೆ. ಈ ಬಗ್ಗೆ ಎರಡೂ ಮನೆಗೆ ಇಪ್ಪತ್ತು ವರ್ಷದಿಂದ ಒಂದು ಕರಾರು ಉಂಟು. ಕಾಯಿ ಹರಿದವರು ಪಲ್ಯ ಮಾಡಿ ಅರ್ಧ ಬಟ್ಟಲು ಬೇಲಿ ದಾಟಿಸಬೇಕು. ಬಟ್ಟಲು ಖಾಲಿ ವಾಪಸು ಹೋಗಬಾರದು. ಮಹದಾಯಿ ನೀರಿನ ತಂಟೆಯನ್ನು ನಮ್ಮ ಬೇಲಿಗೆ ತಂದು ಹಾಕಿದ್ದರೆ ಎಂದೋ ಬಗೆಹರಿದು, ಮಲಪ್ರಭೆ ಇಷ್ಟೊತ್ತಿಗೆ ತುಂಬಿ ಹರಿಯುತ್ತಿದ್ದಳು.

ಮೊನ್ನೆ ಸಂಜೆ ಮಾತ್ರ ಬಟ್ಟಲಿಗಿಂತ ಮೊದಲು ಪ್ರಶ್ನೆ ಬೇಲಿ ದಾಟಿ ಬಂತು.

“ಮಾಸ್ತರ್ರ, ನೀವು ಇಟಲಿ ಹಡಗಿನ್ಯಾಗ ಹೋಗಿ ಬಂದೀರಲ್ಲ, ಅಲ್ಲೆ ರೊಟ್ಟಿ ಸಿಗತೈತೇನ್ರಿ?” ಅಂದರು ಕಾಕು.

ಸಂಗತಿ ಏನೆಂದರೆ, ಅವರ ಮದುವೆಗೆ ನಲವತ್ತು ವರ್ಷ ತುಂಬುತ್ತದೆ. ಪುಣೆಯಲ್ಲಿರುವ ಮಗ ಅಪ್ಪ ಅವ್ವನನ್ನು ನಾಲ್ಕು ದಿನ ಹಡಗು ಹತ್ತಿಸುತ್ತೇನೆಂದು ಹಟ ಹಿಡಿದಿದ್ದಾನೆ. ಯಾವ ಬಂದರು, ಯಾವ ಹಡಗು ಎಂದು ಬಿಡಿಸಿ ಹೇಳಿಲ್ಲ. “ಇಟಲಿ ಸ್ಟೈಲ್ ಐತಿ, ನೀವು ಬರೇ ಹತ್ರಿ” ಅಂದಿದ್ದಾನಂತೆ. ಕಾಕಾರು ನವಿಲುತೀರ್ಥದ ಡ್ಯಾಮಿನ ಗೇಟು ಎತ್ತಿ ಇಳಿಸಿಯೇ ನಿವೃತ್ತರಾದವರು. ಕಾಕು ಕಂಡ ಅತಿ ದೊಡ್ಡ ನೀರು ಅದೇ ಡ್ಯಾಮಿನ ಹಿಂದಿನ ನಮ್ಮ ರೇಣುಕಾಸಾಗರ. ನಾನು 2023ರ ಡಿಸೆಂಬರಿನಲ್ಲಿ ಅಳಿಯನ ಕೃಪೆಯಿಂದ ಮುಂಬಯಿಯಿಂದ ಕೊಚ್ಚಿಗೆ ಹಡಗಿನಲ್ಲಿ ಹೋಗಿಬಂದವನು. ಅಷ್ಟಕ್ಕೇ ಈ ಓಣಿಗೆ ನಾನೇ ನೌಕಾದಳ. ಎರಡು ಮೂರು ದಿನದ ಪ್ರಯಾಣವನ್ನು ಇಷ್ಟು ವರ್ಷ ಹೇಳಿಕೊಂಡು ತಿಂದಿದ್ದೇನೆ, ಇನ್ನೂ ಮುಗಿದಿಲ್ಲ.

“ಅನ್ನ, ಚಪಾತಿ, ದಾಲು ಸಿಗತೈತ್ರಿ. ಮುಂಬಯಿಂದ ಬಿಡೂ ಹಡಗು ಅಂದ್ರ ಜೈನರ ಊಟಾನೂ ಇರತೈತಿ. ಜ್ವಾಳದ ರೊಟ್ಟಿ ಮಾತ್ರ ಮರತ ಬಿಡ್ರಿ.”

“ಹಂಗಾರ ಕಟಕ ರೊಟ್ಟಿ ಕಟಗೊಂಡು ಹೋಗ್ತೇನಿ.”

“ಮನಿ ಅಡಗಿ ಒಳಗ ಬಿಡೂದಿಲ್ರಿ ಕಾಕು.”

ಕಾಕು ಬಳ್ಳಿಯಿಂದ ಒಂದು ಕಾಯಿ ಕಿತ್ತು, ಹಡಗಿನ ಕಂಪನಿಯೇ ಅದೆಂಬಂತೆ ನೋಡಿದರು. ಬುತ್ತಿ ಇಲ್ಲದೆ ಊರ ಹೊಳೆ ದಾಟಿದವರಲ್ಲ ಅವರು.

ಕಾಕಾರ ಪ್ರಶ್ನೆ ಬೇರೆ ಥರದ್ದು. ಡ್ಯಾಮಿನ ಮನುಷ್ಯ, ಅಳತೆ ಬೇಕು. “ಎಷ್ಟ ಉದ್ದ ಐತ್ರಿ ಅದು?”

ನಾನು ಹೋಗಿದ್ದ ಕೋಸ್ಟಾ ಸೆರೆನಾ 290 ಮೀಟರು ಉದ್ದ. ನಮ್ಮ ಆಣೆಕಟ್ಟು ಎರಡು ಗುಡ್ಡದ ಸಂದಿಗೆ ಬೆಣೆ ಹೊಡೆದಂತೆ ಕೂತಿರುವ ಗಿಡ್ಡ ಕಟ್ಟೆ. ನದಿ ಗುಡ್ಡದ ಮುಂದೆ ದಾರಿ ಕಾಣದೆ ನಿಂತಾಗ ನವಿಲೊಂದು ಕೂಗಿ ಕರೆಯಿತು, ಗುಡ್ಡ ಸೀಳಿ ಹಾದಿ ಬಿಟ್ಟಿತು ಎನ್ನುವ ಕಥೆಯೇ ಇದೆಯಲ್ಲ, ಅಂಥ ಇಕ್ಕಟ್ಟಿನ ಜಾಗ. ಹಡಗೇ ಕಟ್ಟೆಗಿಂತ ಉದ್ದ ಅಂದೆ. ಕಾಕಾರಿಗೆ ಅದು ಸೇರಲಿಲ್ಲ. “ಉದ್ದ ಇದ್ರ ಏನಾತು, 37.73 ಟಿಎಂಸಿ ನೀರ ಹಿಡೀತೈತೇನು?” ಅಂದರು. ಹಡಗಿನ ಕೆಲಸ ನೀರು ಹಿಡಿಯುವುದಲ್ಲ, ಒಳಗೆ ಬಿಡದಿರುವುದು ಅಂತ ನಾನು ಹೇಳಲಿಲ್ಲ. ಹಿರಿಯರು.

“ತೂಕ?”

“1,14,000 ಟನ್ನಿನ ಮ್ಯಾಲ ಅಂತಾರ್ರಿ. ಆದ್ರ ಅದು ತೂಕ ಅಲ್ಲ. ಒಳಗಿನ ಜಾಗಾ ಎಷ್ಟ ಐತಿ ಅನ್ನೂ ಲೆಕ್ಕ.”

ಈ ಮಾತಿಗೆ ಕಾಕಾರು ಮೊದಲ ಸಲ ತಲೆದೂಗಿದರು. ನೀರು ಅಳೆದವರಿಗೆ ಜಾಗದ ಲೆಕ್ಕ ತಿಳಿಯುತ್ತದೆ.

“ಜನಾ?”

“ತುಂಬಿದ್ರ 3,780 ಪ್ರಯಾಣಿಕ್ರು. ಕೆಲಸದವ್ರು ಮ್ಯಾಲ ಸಾವಿರದ ನೂರರ ಸುಮಾರು.”

“ಒಂದ ಊರ ಆತಲ್ರಿ!” ಅಂದರು ಕಾಕು. “ಅಷ್ಟ ಮಂದಿಗೆ ಕುಡಿಯೂ ನೀರ ಎಲ್ಲಿಂದ ತರ್ತಾರ? ಸುತ್ತ ಉಪ್ಪ ನೀರು.”

ಬಂದರಿನಲ್ಲಿ ತುಂಬಿಸಿಕೊಳ್ಳುತ್ತಾರೆ, ಮಿಕ್ಕದ್ದನ್ನು ಸಮುದ್ರದ ನೀರನ್ನೇ ಕಾಸಿ ಆವಿ ಹಿಡಿದು, ಇಲ್ಲವೆ ಜಾಳಿಗೆಯಲ್ಲಿ ಒತ್ತಿ ಸೋಸಿ ಸಿಹಿ ಮಾಡುತ್ತಾರೆ ಎಂದು ವಿವರಿಸಿದೆ. ಕಾಕಾರು ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, “ಹಂಗಾರ ಅವ್ರಿಗೆ ಮಳಿ ಬರ್ಲಿ ಬಿಡ್ಲಿ ನಡೀತೈತಿ” ಅಂದರು. ಅದೆಷ್ಟು ಆಷಾಢ ಗೇಟಿನ ಮೇಲೆ ನಿಂತು ಕಣಕುಂಬಿಯ ಕಡೆ ಮೋಡ ನೋಡಿದ ಮನುಷ್ಯನಿಗೆ ಅದು ಸಣ್ಣ ಮಾತಲ್ಲ.

“ಆತು, ಇಟಲಿ ಸ್ಟೈಲ್ ಅಂದ್ರೇನ್ರಿ?”

ಇದಕ್ಕೆ ಉತ್ತರ ಕಷ್ಟ. ಆ ಹಡಗಿನ ಕಂಪನಿ ಕಟ್ಟಿದ ಕೋಸ್ಟಾ ಮನೆತನ ಜಿನೋವಾ ಊರಿನದು. 1854ರಿಂದ ಆಲಿವ್ ಎಣ್ಣೆ, ಅರಿವೆ ವ್ಯಾಪಾರ. ಸರಕು ಸಾಗಿಸಲು ಹಡಗು ಕೊಂಡು, 1940ರ ದಶಕದ ಕೊನೆಗೆ ಮಂದಿಯನ್ನೂ ಸಾಗಿಸಹತ್ತಿದರು. ಬೈಲಹೊಂಗಲದ ಪೇಟೆಯ ಎಣ್ಣೆ ಅಂಗಡಿಯವರು ಬಸ್ಸಿನ ಧಂದೆಗೆ ಇಳಿದಂತೆ. ಸೆರೆನಾ 2007ರಲ್ಲಿ ಜಿನೋವಾ ಪಕ್ಕದ ಸೆಸ್ತ್ರಿ ಪೊನೆಂತೆಯಲ್ಲಿ ತಯಾರಾಯಿತು. ಹಿಂಬದಿಗೆ ಇಟಲಿಯ ಬಾವುಟ, ಹಳದಿ ಹೊಗೆಗೊಳವೆಯ ಮೇಲೆ ನೀಲಿ ‘ಸಿ’. ಇಲ್ಲಿಯವರೆಗೆ ಇಟಲಿ. ಒಳಗೆ ಹೋದರೆ, ಕಂಪನಿಯ ಈಗಿನ ಒಡೆಯರು ಅಮೆರಿಕಾದವರು. ಒಳಾಂಗಣಕ್ಕೆ ಬಣ್ಣ, ಬೆಡಗು ಕೊಟ್ಟ ಜೋಸೆಫ್ ಫಾರ್ಕಸ್ ಕೂಡ ಅಮೆರಿಕಾದವರು. ಅಧಿಕಾರಿಗಳಲ್ಲಿ ಇಟಲಿಯವರು ಉಂಟು. ಹಾಸಿಗೆ ಮಡಚುವವರು, ತಟ್ಟೆ ಎತ್ತುವವರು ಫಿಲಿಪೈನ್ಸ್, ಇಂಡೋನೇಷ್ಯಾ, ಗೋವಾ, ಕೇರಳದವರು. ನಾನು ಹೋದಾಗ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಗುಜರಾತಿ, ಮರಾಠಿ ಮಂದಿ. ಆ ವರ್ಷ ನವೆಂಬರಿನಿಂದ ಎರಡು ತಿಂಗಳ ಚಿಲ್ಲರೆ ಆ ಹಡಗು ಮುಂಬಯಿ, ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ ನಮ್ಮ ದೇಶದೊಳಗೇ ಓಡಾಡಿತ್ತು. ಹೀಗಾಗಿ ಪಾಸ್‌ಪೋರ್ಟಿನ ಗೊಡವೆಯೂ ಇರಲಿಲ್ಲ.

“ಅಂದ್ರ ಇಟಲಿಯವ್ರು ಯಾರೂ ಇರಲಿಲ್ಲ?” ಅಂದರು ಕಾಕು.

“ದೇವ್ರು ಇದ್ರು” ಅಂದೆ.

ನಿಜವೇ. ಆ ಹಡಗಿನ ತುಂಬ ರೋಮಿನ ದೇವರು. ನಡುವಿನ ಒಂಬತ್ತು ಅಂತಸ್ತು ತೆರೆದ ಪಡಸಾಲೆಗೆ ಪ್ಯಾಂಥಿಯನ್ ಎಂದು ಹೆಸರು, ಮೇಲೆ ಮೋಡದ ನಡುವೆ ದೇವರುಗಳು ತೂಗಾಡುತ್ತಾರೆ. ಊಟದ ಎರಡು ದೊಡ್ಡ ಸಭಾಗೃಹದಲ್ಲಿ ಒಂದು ಸೆರೆಸ್, ಬೆಳೆಯ ದೇವತೆ. ಇನ್ನೊಂದು ವೆಸ್ತಾ, ಒಲೆಯ ದೇವತೆ. ನಾಟಕಶಾಲೆ ಜೂಪಿಟರನ ಹೆಸರಿನದು. ಕಾಕಾರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. “ಸವದತ್ತಿ ಸ್ಟ್ಯಾಂಡಿನ ಮುಂದ ನೋಡ್ರಿ, ರೇಣುಕಾ ಖಾನಾವಳಿ, ಬಸವೇಶ್ವರ ಖಾನಾವಳಿ. ದೇವ್ರ ಹೆಸರಿಲ್ದ ಒಂದರ ಐತೇನು?”

ಆಮೇಲೆ ಕಾಕು ದನಿ ಇಳಿಸಿ, ಬೇಲಿಗೆ ಸ್ವಲ್ಪ ಹತ್ತಿರ ಬಂದು, ಹೆಣ್ಣುಮಕ್ಕಳು ಕೇಳಲು ಹಿಂಜರಿಯುವ ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಕೇಳಿದರು. ಇದಕ್ಕೆ ನಮ್ಮ ಮನೆಯಾಕಿಯೇ ಒಳಗಿನಿಂದ ಬಂದು ಉತ್ತರ ಕೊಟ್ಟಳು. “ತಂಬಿಗಿ ಒಯ್ರಿ ಅಕ್ಕಾ. ಅಲ್ಲೆ ಬರೇ ಕಾಗದ.” ಜೊತೆಗೆ ಎಚ್ಚರಿಕೆಯನ್ನೂ ಸೇರಿಸಿದಳು. ಗುಂಡಿ ಒತ್ತಿದರೆ ನೀರು ಸುರಿಯುವುದಿಲ್ಲ, ಗಾಳಿ ಜಗ್ಗುತ್ತದೆ. ಹುಲಿ ಗರ್ಜಿಸಿದಂತೆ ಒಂದು ಸದ್ದು. ಮೊದಲ ರಾತ್ರಿ ನಾನು ಆ ಸದ್ದಿಗೆ ಹೊರಗೆ ಹಾರಿ ಬಂದದ್ದನ್ನು ಆಕೆ ಈ ಸಲವೂ ಹೇಳದೆ ಬಿಡಲಿಲ್ಲ.

ಕೋಣೆ ಆಯ್ಕೆಯ ಮಾತು ಬಂತು. ಕಿಟಕಿ ಇಲ್ಲದ ಒಳಕೋಣೆ ಅಗ್ಗ, ಆದರೆ ದೀಪ ಆರಿಸಿದರೆ ಮಧ್ಯಾಹ್ನವೂ ಅಮಾವಾಸ್ಯೆ. ಬಾಲ್ಕನಿಯದು ತುಟ್ಟಿ. ಹೊಟ್ಟೆ ತೊಳೆಸುವವರು ಹಡಗಿನ ನಡುಮಧ್ಯ, ಕೆಳಗಿನ ಅಂತಸ್ತು ಕೇಳಿ ತೆಗೆದುಕೊಳ್ಳಬೇಕು. “ಚಕ್ಕಡಿಯೊಳಗ ಅಚ್ಚಿನ ಮ್ಯಾಲ ಕೂತಂಗ” ಅಂದೆ. ಹಡಗಿನ ಪಕ್ಕೆಗೆ ಮೀನಿನ ರೆಕ್ಕೆಯಂಥ ಹಲಗೆ ಇರುತ್ತವೆ, ತೆರೆ ಎದ್ದಾಗ ಅವು ಚಾಚಿಕೊಂಡು ಹೊರಳಾಟ ತಡೆಯುತ್ತವೆ. ಹತ್ತುವಾಗ ಒಂದು ಕಾರ್ಡು ಕೊಡುತ್ತಾರೆ. ಅದೇ ಕೀಲಿ, ಅದೇ ರೊಕ್ಕ. ಊಟ ಟಿಕೀಟಿನಲ್ಲೇ ಬಂತು, ಆದರೆ ಕಾಫಿ ಅಂಗಡಿಯ ಕಾಫಿ, ಬಾಟಲಿ ಪಾನೀಯ, ಮೈ ತಿಕ್ಕಿಸಿಕೊಳ್ಳುವುದು, ಇಂಟರ್ನೆಟ್ಟು ಎಲ್ಲ ಕಾರ್ಡಿನ ಮೇಲೆ ಏರುತ್ತವೆ. ತಲೆಗೆ ಇಷ್ಟು ಎಂದು ದಿನದ ಸೇವಾ ಶುಲ್ಕ ಬೇರೆ. ಹತ್ತುವ ಮೊದಲೇ ಮಗನಿಂದ ಅದನ್ನು ಕೇಳಿ ಬರೆಸಿಕೊಳ್ಳಿ ಅಂದೆ.

“ಕಾಫಿ ಹೆಂಗಿರತೈತ್ರಿ?”

“ಲೋಟದ ತಳಕ್ಕ ಅಂಟಿರತೈತಿ. ಇಟಲಿಯವ್ರು ನಿಂತಕೊಂಡ ಎರಡು ಗುಟಕಿಗೆ ಮುಗಸ್ತಾರ. ಹಾಲ ಹಾಕಿದ್ದು ಮುಂಜಾನೆ ಅಷ್ಟ. ಊಟ ಆದ ಮ್ಯಾಲ ಹಾಲಿನ ಕಾಫಿ ಕೇಳಿದ್ರ ನಮ್ಮಲ್ಲಿ ಹೋಳಗಿಗೆ ಉಪ್ಪಿನಕಾಯಿ ಹಚಗೊಂಡವ್ರನ್ನ ನೋಡಿದಂಗ ನೋಡ್ತಾರ.”

ಮರುದಿನ ಸಂಜೆ ಕಾಕು ಮಣೆ ಹಾಕಿಕೊಂಡು ಬೇಲಿಯ ಪಕ್ಕದಲ್ಲೇ ಕೂತಿದ್ದರು. ಕೈಯಲ್ಲಿ ಗೌಲಿ ಮಾಡುವ ಕಣಕ. ಮೊಮ್ಮಗಳ ಮದುವೆಗೆ ಈಗಿನಿಂದಲೇ ತಯಾರಿ. ಚಿಟಿಕೆಯಷ್ಟು ಕಣಕ ಹರಿದು, ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹೊಸೆದರೆ ಎರಡೂ ತುದಿ ಚೂಪಾದ ಒಂದು ಕಾಳು ಮೊರಕ್ಕೆ ಬೀಳುತ್ತದೆ. ನೋಡುವುದಿಲ್ಲ, ಮಾತು ನಿಲ್ಲಿಸುವುದಿಲ್ಲ. ಬೆರಳಿಗೇ ಕಣ್ಣು.

“ಅಲ್ಲೆ ಅವ್ರ ಊಟ ಏನ್ರಿ?”

ನನಗೆ ಉತ್ತರ ಅವರ ಮೊರದಲ್ಲೇ ಕಂಡಿತು. “ಅದರಿ ಕಾಕು, ನೀವು ಮಾಡಾಕತ್ತೀರಲ್ಲ, ಅದನ್ನ.”

ಇಟಲಿಯವರ ಪಾಸ್ತಾ ಎಂದರೆ ಮತ್ತೇನು? ಗೋಧಿ ಹಿಟ್ಟಿನ ಶಾವಿಗೆ, ಗೌಲಿ, ಪರಡಿ, ಸವತಿಬೀಜ. ನಮ್ಮಲ್ಲಿ ಸವತಿಬೀಜ ಇದ್ದಂತೆ ಅವರಲ್ಲಿ ಅಕ್ಕಿಕಾಳಿನಂಥದು ಇದೆ, ಪುಟ್ಟ ಕಿವಿಯಂಥದೂ ಇದೆ. ದಕ್ಷಿಣ ಇಟಲಿಯ ಬಾರಿ ಎಂಬ ಊರಿನ ಹಳೆಯ ಓಣಿಯಲ್ಲಿ ಮುದುಕಿಯರು ಇವತ್ತಿಗೂ ಬಾಗಿಲ ಮುಂದೆ ಮೇಜು ಹಾಕಿಕೊಂಡು, ಹೆಬ್ಬೆರಳಿನಿಂದ ಕಣಕ ಒತ್ತಿ ಆ ಕಿವಿ ಮಾಡುತ್ತ, ಎದುರುಮನೆಯವರ ಜೊತೆ ಹರಟೆ ಹೊಡೆಯುತ್ತಾರೆ. ನಾವು ಹಾಲು ಬೆಲ್ಲ ಹಾಕಿ ಪಾಯಸ ಮಾಡುತ್ತೇವೆ, ಅವರು ಟೊಮ್ಯಾಟೊ, ಚೀಸು ಹಾಕಿ ಖಾರ ಮಾಡುತ್ತಾರೆ. ಒಂದು ಭೇದ ಇದೆ, ಅವರು ಪೂರಾ ಬೇಯಿಸುವುದಿಲ್ಲ. ಹಲ್ಲಿಗೆ ತುಸು ಸಿಗಬೇಕು.

ಕಾಕು ಹೊಸೆಯುವುದನ್ನು ನಿಲ್ಲಿಸಿದರು. “ಹಸೀದನ್ನ ತಿಂತಾರ? ಹೇಳಿಕೊಡಾವ್ರು ಇಲ್ಲೇನು ಮನ್ಯಾಗ?” ಅಂದಿನಿಂದ ಹಡಗಿನ ಹೆದರಿಕೆ ಅರ್ಧ ಇಳಿಯಿತು. ತಮಗಿಂತ ಅಡುಗೆಯಲ್ಲಿ ಹಿಂದಿದ್ದವರ ಹಡಗು ಏನು ಮಹಾ?

ಅರಿವೆಯ ಚಿಂತೆಯೂ ಹೀಗೇ ಪರಿಹಾರವಾಯಿತು. ಇಟಲಿ ಹಡಗುಗಳಲ್ಲಿ ಒಂದು ರಾತ್ರಿ ಎಲ್ಲರೂ ಬಿಳಿ ಉಡಬೇಕು, ಇನ್ನೊಂದು ರಾತ್ರಿ ಅವರ ಬಾವುಟದ ಹಸಿರು, ಬಿಳಿ, ಕೆಂಪು. ಮಗ ಗೌನು ತರಿಸುತ್ತೇನೆ ಅಂದಿದ್ದನಂತೆ. ನಮ್ಮಾಕಿ ಬೇಲಿಯಿಂದಲೇ ಕೈ ಮಾಡಿ ತೋರಿಸಿದಳು. ಹಗ್ಗದ ಮೇಲೆ ಒಣಗುತ್ತಿದ್ದುದು ಕಾಕುನ ಇಲಕಲ್ಲ ಸೀರೆ. ಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೋಪು ತೆನೆ. ಇಟಲಿಯ ಬಾವುಟ ನವಿಲುತೀರ್ಥದ ಗಾಳಿಗೆ ಹಾರುತ್ತಿತ್ತು.

ಕಾಕಾರು ಮಾತ್ರ ಒಂದು ಮಾತನ್ನು ಎರಡು ದಿನ ಬಾಯೊಳಗೇ ಇಟ್ಟುಕೊಂಡಿದ್ದರು. “ಮಾಸ್ತರ್ರ, ಒಂದ ಇಟಲಿ ಹಡಗು ಮುಳಗಿತ್ತಲ್ಲ?”

ಮುಳುಗಿತ್ತು. ಕೋಸ್ಟಾ ಕಾಂಕಾರ್ಡಿಯಾ, ಸೆರೆನಾದ ಅಕ್ಕ, ಒಂದೇ ಅಚ್ಚಿನದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ನಡುಗಡ್ಡೆಗೆ ಸಲಾಮು ಹೊಡೆಯುವವರಂತೆ ದಂಡೆಯ ಹತ್ತಿರ ಹೋಗಿ ಬಂಡೆಗೆ ತಗುಲಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇದ್ದರು. 32 ಮಂದಿ ಸತ್ತರು, ಅವರಲ್ಲಿ ತಟ್ಟೆ ಎತ್ತುವ ಕೆಲಸಕ್ಕಿದ್ದ ನಮ್ಮ ದೇಶದ ಒಬ್ಬ ಹುಡುಗನೂ ಇದ್ದ. ಜನ ಇನ್ನೂ ಒಳಗಿರುವಾಗಲೇ ಹಡಗು ಬಿಟ್ಟ ಕ್ಯಾಪ್ಟನ್ನಿಗೆ 16 ವರ್ಷ ಶಿಕ್ಷೆಯಾಯಿತು. ಆ ದಿನ ಸಂಜೆ ಹತ್ತಿದ್ದ ಹಲವರಿಗೆ ಅಪಾಯದ ಕವಾಯತು ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ ಹತ್ತಿದ ಮೇಲೆ ಒಂದು ದಿನದೊಳಗೆ ಮಾಡಿಸಿದರೆ ಸಾಕಿತ್ತು. 2015ರಿಂದ ಹಡಗು ಹೊರಡುವ ಮೊದಲೇ, ಇಲ್ಲವೆ ಹೊರಟ ಕೂಡಲೇ ಮಾಡಿಸಬೇಕೆಂದು ಜಗತ್ತಿಗೆಲ್ಲ ಒಂದೇ ನಿಯಮ ಬಂದಿದೆ.

ಕಾಕಾರು ತಲೆ ತಗ್ಗಿಸಿ ಕೇಳಿದರು. ನಂತರ ಒಂದೇ ಮಾತು. “ಗೇಟಿನ ಮ್ಯಾಲ ಇದ್ದಾಂವ ಗೇಟು ಬಿಟ್ಟು ಇಳೀಬಾರ್ದು.” 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಮನೆಗೆ ನೀರು ಹೊಕ್ಕಾಗ ಅವರು ನಿವೃತ್ತರು. ಆದರೂ ಆ ವಾರ ಪೂರ್ತಿ ಡ್ಯಾಮಿನ ದಾರಿಯಲ್ಲೇ ನಿಂತಿದ್ದರು.

“ಹಂಗಾಗಿ ಕಾಕಾ, ಏಳ ಸಣ್ಣ ಸೀಟಿ, ಒಂದ ಉದ್ದ ಸೀಟಿ ಕೇಳಿದ್ರ ಊಟದ ತಾಟು ಅಲ್ಲೇ ಬಿಟ್ಟು ನಡೀಬೇಕು. ನಿಮ್ಮ ಕಾರ್ಡಿನ ಮ್ಯಾಲ ಒಂದ ಅಕ್ಷರ ಇರತೈತಿ, ಆ ಅಕ್ಷರದ ಜಾಗಾಕ್ಕ. ಕಿತ್ತಳಿ ಬಣ್ಣದ ಜಾಕೀಟಿಗೆ ಒಂದ ಪೀಪಿ, ಒಂದ ದೀಪ ಇರತಾವ. ಲಿಫ್ಟು ಹತ್ತಬ್ಯಾಡ್ರಿ.” ಕವಾಯತಿನ ದಿನ ನಾನು ಜಾಕೀಟಿನ ಪಟ್ಟಿಯನ್ನು ಪಕ್ಕದವರ ಕುರ್ಚಿಗೆ ಸೇರಿಸಿ ಬಿಗಿದುಕೊಂಡಿದ್ದೆ ಎಂಬುದನ್ನು ಹೇಳುವ ಅಗತ್ಯ ಇರಲಿಲ್ಲ. ನಮ್ಮಾಕಿ ಹೇಳಿದಳು.

ಭಯ ತೆಗೆಯಲು ಹಳೆಯ ಕಥೆ ಬಿಚ್ಚಿದೆ. ಹಡಗು ನಮಗೇನು ಹೊಸದೇ? ದುಂಡುಮೇಜಿನ ಪರಿಷತ್ತು ಮುಗಿಸಿ ಗಾಂಧೀಜಿ ಇಟಲಿಯ ಬ್ರಿಂಡಿಸಿಯಲ್ಲಿ ಹತ್ತಿ, 1931ರ ಡಿಸೆಂಬರ್ 28ಕ್ಕೆ ಮುಂಬಯಿಗೆ ಬಂದಿಳಿದದ್ದು ಪಿಲ್ಸ್ನಾ ಎಂಬ ಇಟಲಿ ಹಡಗಿನಲ್ಲೇ. ಸವಣೂರಿನ ನಮ್ಮ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಸಮುದ್ರದ ಮೇಲೆಯೇ ಹೋದರು, ‘ಸಮುದ್ರ ಗೀತೆಗಳು’ ಆ ಪ್ರಯಾಣದ ಫಲ. ಇನ್ನು ಕೋಸ್ಟಾ ಹಡಗುಗಳು ಕೊರೊನಾಕ್ಕೆ ಮೊದಲು ನವಮಂಗಳೂರು ಬಂದರಿಗೂ ಬರುತ್ತಿದ್ದವು. ಇಳಿದವರನ್ನು ಮೂಡುಬಿದಿರೆ, ಕಾರ್ಕಳ ಅಂತ ಸುತ್ತಿಸಿ, ಸಂತ ಅಲೋಶಿಯಸ್ ಚಾಪೆಲ್ಲಿಗೆ ಕರೆದೊಯ್ಯುತ್ತಿದ್ದರು. ಆ ಚಾಪೆಲ್ಲಿನ ಗೋಡೆ, ಛತ್ತುಗಳಿಗೆ ನೂರ ಇಪ್ಪತ್ತೈದು ವರ್ಷದ ಹಿಂದೆ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿ ಇಟಲಿಯವರು. ಇಟಲಿಯವರು ಇಟಲಿಯ ಹಡಗು ಹತ್ತಿ, ಸಮುದ್ರ ದಾಟಿ, ಮಂಗಳೂರಿಗೆ ಬಂದು ಇಟಲಿಯವರ ಚಿತ್ರ ನೋಡಿ ಬೆರಗಾದರು. “ಪ್ರವಾಸ ಅಂದ್ರ ಇಷ್ಟ ರೀ” ಅಂದರು ಕಾಕಾ.

“ಎಲ್ಲಾ ಛಲೋನ ಹೇಳಾಕತ್ತೀರಿ. ಸರಿ ಅನಸಲಾರದ್ದು ಏನೂ ಇಲ್ಲೇನು?” ಕಾಕು ಕೇಳಿದರು.

ಇತ್ತು. ಹೇಳಲು ಮಾತು ಹುಡುಕಬೇಕಾಯಿತು.

ಹಡಗಿನಲ್ಲಿ ಮೇಲಿನ ಅಂತಸ್ತಿಗೆ ಲಿಡೋ ಅನ್ನುತ್ತಾರೆ, ವೆನಿಸಿನ ಮರಳುದಂಡೆಯ ಹೆಸರು. ಅಲ್ಲಿ ಮುಂಜಾನೆಯಿಂದ ರಾತ್ರಿಯ ತನಕ ಊಟದ ಸಾಲು. ಬೇಕಾದ್ದು, ಬೇಕಾದಷ್ಟು. ಮೊದಲ ಹೊತ್ತು ನಾನು ತಾಟಿನ ಮೇಲೆ ಯಲ್ಲಮ್ಮನ ಗುಡ್ಡ ಕಟ್ಟಿದೆ. ಎರಡನೆಯ ದಿನ ಒಂದು ಸಂಗತಿ ತಿಳಿಯಿತು. ಅಷ್ಟು ಸಾವಿರ ಮಂದಿಯಲ್ಲಿ ಯಾರೂ ಯಾರನ್ನೂ “ಊಟ ಆತೇನ್ರಿ?” ಎಂದು ಕೇಳುವುದಿಲ್ಲ. ಕೇಳಿ ಮಾಡುವುದೇನು? ಎಲ್ಲರಿಗೂ ಆಗಿರುತ್ತದೆ, ಮೂರು ಸಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಚಕ್ಕಡಿ ಕಟ್ಟಿ ಬಂದವರು ಪಡಲಗಿ ತುಂಬಿಸಿ, ಗುರುತಿಲ್ಲದವರನ್ನೂ ಕೈ ಹಿಡಿದು ಕೂರಿಸಿ ಉಣಿಸುತ್ತಾರೆ. ಅಲ್ಲಿ ಇರುವುದು ನಾಲ್ಕು ಕಡುಬು. ನಾಲ್ಕೇ ಇರುವುದಕ್ಕೆ ಕರೆಯಬೇಕು ಅನ್ನಿಸುತ್ತದೆ. ಎಲ್ಲ ತುಂಬಿ ತುಳುಕುವಲ್ಲಿ ಕೊಡುವುದಕ್ಕೆ ಕೈಗೆ ಏನೂ ಸಿಗುವುದಿಲ್ಲ.

“ಆದ್ರ ಒಂದ ಸಲ ಸಿಕ್ಕಿತ್ತು” ಅಂದೆ.

ಬಾಲ್ಕನಿಗಳ ನಡುವೆ ಒಂದು ಹಲಗೆಯ ಅಡ್ಡ ಇರುತ್ತದೆ, ಆಳೆತ್ತರದ ಪಡದೆ. ಮೂರನೆಯ ಮುಂಜಾನೆ ಕಟಾಂಜನಕ್ಕೆ ಮೊಣಕೈ ಊರಿ ನಿಂತಿದ್ದೆ. ಪಕ್ಕದ ಕೋಣೆಯ ರಾಜ್‌ಕೋಟಿನ ಹಿರಿಯಕ್ಕ ಆ ಅಡ್ಡದ ಆಚೆಯಿಂದ ಬಳೆ ಹಾಕಿದ ಕೈ ಚಾಚಿದರು. ಕೈಯಲ್ಲಿ ಎರಡು ಖಾಖ್ರಾ, ಮನೆಯವು. ಹೇಗೆ ಒಳಗೆ ತಂದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಿಗೆ ಕನ್ನಡ ಬಾರದು, ನನಗೆ ಗುಜರಾತಿ ಬಾರದು. ನಮ್ಮಾಕಿ ಚೀಲದ ತಳದಿಂದ ಧಾರವಾಡ ಪೇಡೆ ತೆಗೆದು ಅದೇ ಕೈಯಲ್ಲಿಟ್ಟಳು. ಇಡೀ ಹಡಗಿನಲ್ಲಿ ನನಗೆ ನೆನಪಿರುವ ಊಟ ಅದೊಂದೇ.

ಕಾಕು ಮಾತಾಡಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ತುಸು ಹೊತ್ತಿಗೆ ಬಿಸಿ ಗೌಲಿ ಪಾಯಸದ ಬಟ್ಟಲು ತೊಂಡೆ ಬಳ್ಳಿಯ ಮೇಲೆ ಬಂತು. ಪೂರಾ ಬೆಂದಿತ್ತು.

“ಅಡಗಿ ಬಿಡೂದಿಲ್ಲ ಅಂದ್ರಿ. ಒಣಾ ಗೌಲಿ ಬಿಡ್ತಾರೋ ಇಲ್ಲೋ?”

“ಯಾಕ್ರಿ?”

“ಬಾಜೂ ಕೋಲಿಯವ್ರಿಗೆ. ಮನೀಗೆ ಹೋಗಿ ಮಾಡ್ಕೊಳ್ಳಿ.”

ಬಟ್ಟಲು ಖಾಲಿ ಕೊಡುವಂತಿಲ್ಲ. ಮನೆಯಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ. ಬೇಲಿಯಿಂದಲೇ ನಾಲ್ಕು ಹಿಡಿ ತೊಂಡೆಕಾಯಿ ಹರಿದು ತುಂಬಿಸಿ ಕೊಟ್ಟೆ. ಅವರದೇ ಬೇರು, ಅವರಿಗೇ ಕಾಯಿ. ಕಾಕು ನಕ್ಕರು.

“ನಾವು ಹಡಗಿಗೆ ಹ್ವಾದಾಗ ಇವನ್ನ ಹಣ್ಣಾಗಾಕ ಬಿಡಬ್ಯಾಡ್ರಿ. ಹರದು ಪಲ್ಯ ಮಾಡ್ರಿ.”

“ಮಾಡ್ತೇವ್ರಿ. ಆದ್ರ ಅರ್ಧ ಬಟ್ಟಲಾ ಯಾರಿಗೆ ಕೊಡೂಣು?”

ಕಾಕು ಕಾಕಾರ ಮುಖ ನೋಡಿದರು. ಕಾಕಾರು ಡ್ಯಾಮಿನ ಕಡೆ ನೋಡಿದರು.

“ಬರೇ ನಾಲ್ಕ ದಿನಾ ಅಲ್ರಿ” ಅಂದರು.